ಎಂಜಿನ್ ಬಿಚ್ಚಿ ಕಟ್ಟಿದ ಸ್ಟಾರ್ಮ್

2024ರ ನವೆಂಬರ್‌ನಲ್ಲಿ ನಾನು ಹದಿನೆಂಟು ವರ್ಷ ಹಳೆಯದಾದ, ಎಂಜಿನ್ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ ಒಂದು ಸ್ಯಾನ್ ಸ್ಟಾರ್ಮ್ ಕಾರನ್ನು ಕೊಂಡೆ. ಈ ಹೆಸರನ್ನು ಕೇಳದವರೇ ಹೆಚ್ಚು. ಗೋವಾದಲ್ಲಿ ತಯಾರಾಗುತ್ತಿದ್ದ, ಇಬ್ಬರೇ ಕೂರಬಹುದಾದ, ಮೇಲ್ಛಾವಣಿ ತೆರೆಯುವ ಪುಟ್ಟ ಸ್ಪೋರ್ಟ್ಸ್ ಕಾರು ಇದು. ಮೈ ಫೈಬರ್‌ಗ್ಲಾಸಿನದು, ಎಂಜಿನ್ ರೆನೋ ಕಂಪನಿಯ 1,149 ಸಿಸಿಯದು, ಶಕ್ತಿ ಸುಮಾರು 60 ಅಶ್ವಶಕ್ತಿ. ಇಂದಿನ ಸಾಧಾರಣ ಕಾರುಗಳೇ ಇದಕ್ಕಿಂತ ಬಲಶಾಲಿ ಎಂಬುದು ನಿಜವಾದರೂ, ನೆಲಕ್ಕೆ ಅಷ್ಟು ಹತ್ತಿರ ಕುಳಿತು, ಹಗುರಾದ ಕಾರನ್ನು ಎರಡನೇ ಗೇರಿನಲ್ಲಿ ತಿರುವಿನಿಂದ ತಿರುವಿಗೆ ಎಳೆದುಕೊಂಡು ಹೋಗುವ ಸುಖಕ್ಕೂ ಅಂಕಿಗಳಿಗೂ ಸಂಬಂಧವಿಲ್ಲ. ಓದುವ ದಿನಗಳಲ್ಲಿ ಬೆಂಗಳೂರಿನ ರಸ್ತೆಯೊಂದರಲ್ಲಿ ಹಳದಿ ಬಣ್ಣದ ಸ್ಟಾರ್ಮ್ ನನ್ನ ಪಕ್ಕದಲ್ಲೇ ಹಾದುಹೋದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

'ಎಂಜಿನ್ ಕೆಲಸ ಆಗಿದೆ' ಎಂಬ ಮಾತು ಕೇಳಿದೊಡನೆ ಪೇಟೆಯ ಗಿರಾಕಿಗಳು ಹಿಂದೆ ಸರಿಯುತ್ತಾರೆ. ಮಲೆನಾಡಿನಲ್ಲಿ ಬೆಳೆದ ನನಗೆ ಆ ಹೆದರಿಕೆ ಇರಲಿಲ್ಲ. ತೀರ್ಥಹಳ್ಳಿಯ ಸುತ್ತಮುತ್ತ ಅಡಿಕೆ ತೋಟ ಇರುವ ಮನೆಗಳಲ್ಲಿ ಒಂದು ಜೀಪು ಇದ್ದರೆ, ಅದರ ಎಂಜಿನ್ ಒಮ್ಮೆಯೋ ಎರಡು ಬಾರಿಯೋ ಬಿಚ್ಚಿಸಿಕೊಂಡು ಲೇತ್ ಅಂಗಡಿಯ ಮುಖ ಕಂಡೇ ಇರುತ್ತದೆ. ನಮ್ಮ ಮನೆಯ ಜೀಪಿಗೂ ಎರಡು ಬಾರಿ ಹಾಗಾಗಿತ್ತು. ಅಪ್ಪಯ್ಯ ಅದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟಿದ್ದರು. ಅದರ ಪ್ರತಿ ಪುಟದ ಮೊದಲ ಸಾಲಿನಲ್ಲಿ ಏನು ಕೆಟ್ಟಿತು, ಯಾಕೆ ಕೆಟ್ಟಿತು ಎಂದು ಬರೆದು, ಆಮೇಲಷ್ಟೇ ಹಾಕಿದ ಸಾಮಾನುಗಳ ಪಟ್ಟಿಯನ್ನು ಬರೆಯುತ್ತಿದ್ದರು. "ಯಾಕೆ ಹೋಯ್ತು ಅಂತ ಗೊತ್ತಿಲ್ದೇ ಹೊಸಾದು ಹಾಕಿದ್ರೆ, ಅದೂ ಅದೇ ದಾರಿ ಹಿಡೀತದೆ ಮಾರಾಯ" ಎಂದು ಅವರು ನನಗೆ ಹೇಳಿದ್ದುಂಟು. ಸ್ಟಾರ್ಮ್ ನೋಡಲು ಹೊರಟಾಗ ನನ್ನ ಮನಸ್ಸಿನಲ್ಲಿದ್ದದ್ದು ಈ ಒಂದೇ ಪ್ರಶ್ನೆ.

ಕಾರು ಕೊಪ್ಪದ ಬಳಿಯ ಒಬ್ಬ ಹಿರಿಯ ಕಾಫಿ ಬೆಳೆಗಾರರ ಮನೆಯಲ್ಲಿತ್ತು. ನಾನು ಬರುವ ತನಕ ದಯವಿಟ್ಟು ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಫೋನಿನಲ್ಲಿ ಕೇಳಿಕೊಂಡಿದ್ದೆ, ಏಕೆಂದರೆ ಬಿಸಿಯಾದ ಎಂಜಿನ್ ತನ್ನ ಎಷ್ಟೋ ದೋಷಗಳನ್ನು ಮುಚ್ಚಿಡುತ್ತದೆ. ಬೆಳಿಗ್ಗೆ ಏಳಕ್ಕೆ ಹೋಗಿ ಬಾನೆಟ್ ಮೇಲೆ ಕೈಯಿಟ್ಟು ನೋಡಿದಾಗ ಇಬ್ಬನಿಯ ತಂಪು ಹಾಗೇ ಇತ್ತು. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಹತ್ತಿಕೊಂಡಿತು, ಟಕಟಕ ಸದ್ದು ಇರಲಿಲ್ಲ, ಆಯಿಲ್ ದೀಪವೂ ತಡಮಾಡದೆ ಆರಿತು. ಸೈಲೆನ್ಸರಿನಿಂದ ಬಿಳಿ ಹೊಗೆ ಬಂದದ್ದು ಮಾತ್ರ ನಿಜ. ಆದರೆ ನಮ್ಮ ಕಡೆ ಚಳಿಗಾಲದ ಮುಂಜಾನೆ ಎಲ್ಲ ಗಾಡಿಗಳೂ ಬಿಳಿ ಹೊಗೆ ಬಿಡುತ್ತವೆ, ಅದು ಬರಿಯ ಹಬೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಹೊಗೆ ನಿಲ್ಲದೆ, ಸಿಹಿ ವಾಸನೆಯೊಂದಿಗೆ ಬರುತ್ತಿದ್ದರೆ ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ಸಿಲಿಂಡರಿನೊಳಗೆ ಇಳಿಯುತ್ತಿದೆ ಎಂದರ್ಥ. ಹದಿನೈದು ನಿಮಿಷ ಅಲ್ಲೇ ನಿಂತೆ. ಹೊಗೆ ನಿಂತುಹೋಯಿತು, ಆಯಿಲ್ ಉರಿದರೆ ಕಾಣುವ ನೀಲಿ ಛಾಯೆಯೂ ಕಾಣಲಿಲ್ಲ.

ಯಜಮಾನರು ಕಾಫಿ ಕೊಟ್ಟು, ಕಾಗದಗಳ ಒಂದು ಕಟ್ಟನ್ನು ಮುಂದಿಟ್ಟರು. ಮೂರು ವರ್ಷಗಳ ಹಿಂದೆ ಉಡುಪಿಯಿಂದ ಮರಳುವಾಗ ಆಗುಂಬೆ ಘಾಟಿಯ ನಡುವೆ ಎಂಜಿನ್ ಕುದಿದು ನಿಂತಿತಂತೆ. ಕಾರನ್ನು ದೂರದ ನಗರವೊಂದರ ಗ್ಯಾರೇಜಿಗೆ ಲಾರಿಯಲ್ಲಿ ಕಳುಹಿಸಿ, 2022ರಲ್ಲಿ ಎಂಜಿನ್ ಕಟ್ಟಿಸಿದ್ದರು. ಆಮೇಲೆ ಓಡಿದ್ದು 1,400 ಕಿಲೋಮೀಟರ್ ಮಾತ್ರ. ಬಿಲ್ಲುಗಳು ಚೊಕ್ಕವಾಗಿದ್ದವು. ಪಿಸ್ಟನ್ನಿನ ಸುತ್ತಲಿನ ರಿಂಗ್ ಬದಲಿಸಿದ್ದನ್ನೇ 'ಪೂರ್ತಿ ಎಂಜಿನ್ ಕೆಲಸ' ಎಂದು ಹೇಳಿ ಮಾರುವವರಿದ್ದಾರೆ, ಆದ್ದರಿಂದ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದೆ. ಸಿಲಿಂಡರಿನ ಮೂಲ ವ್ಯಾಸವಾದ 69 ಮಿಲಿಮೀಟರಿಗೆ ಹೋಲಿಸಿದರೆ ಸವೆತ ಅತ್ಯಲ್ಪವೆಂದು ಅಳೆದು, ಬೋರ್ ಮಾಡಿಸದೆ, ಅಂದರೆ ಕೊರೆದು ಅಗಲಿಸದೆ, ಒಳಗೋಡೆಯನ್ನು ಉಜ್ಜುವ ಹೋನಿಂಗ್ ಮಾತ್ರ ಮಾಡಿದ್ದರು. ಹೊಸ ರಿಂಗ್, ಹೊಸ ಬೇರಿಂಗ್, ವಾಲ್ವ್ ಸೀಲ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಹಾಕಿದ್ದರು, ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ, ಬಾಗಿದ್ದ ಹೆಡ್ಡನ್ನು ಲೇತಿನವರ ಬಳಿ ಮಟ್ಟ ಮಾಡಿಸಿದ್ದರು. ಸಿಲಿಂಡರುಗಳಿರುವ ಬ್ಲಾಕ್ ಹಳೆಯದೇ ಆದ್ದರಿಂದ ಅದರ ಮೇಲಿನ ಸಂಖ್ಯೆ ಆರ್‌ಸಿಯಲ್ಲಿದ್ದ ಸಂಖ್ಯೆಗೆ ಸರಿಯಾಗಿ ಹೊಂದುತ್ತಿತ್ತು. ಬೇರೆ ಎಂಜಿನ್ ಕೂರಿಸಿ ಆರ್‌ಟಿಒ ಕಚೇರಿಗೆ ತಿಳಿಸದೆ ಬಿಟ್ಟಿದ್ದರೆ, ಆ ತೊಂದರೆ ಕೊಂಡವನ ಕೊರಳಿಗೇ ಬೀಳುತ್ತದೆ.

ಇಷ್ಟೆಲ್ಲ ಇದ್ದರೂ ಬಿಲ್ಲಿನಲ್ಲಿ, ಎಂಜಿನ್ನಿನ ಬಿಸಿ ನೀರನ್ನು ತಣಿಸುವ ರೇಡಿಯೇಟರಿನ ಹೆಸರೇ ಇರಲಿಲ್ಲ. ಕುದಿದು ಕೆಟ್ಟ ಎಂಜಿನ್ನಿನ ಎಲ್ಲ ಗಾಯಗಳಿಗೂ ಔಷಧಿ ಹಚ್ಚಿದ್ದರು, ಕುದಿದದ್ದು ಯಾಕೆ ಎಂದು ಯಾರೂ ಕೇಳಿದಂತಿರಲಿಲ್ಲ.

ಮುಂದಿನ ವಾರ ಯಜಮಾನರ ಒಪ್ಪಿಗೆ ಪಡೆದು ಕಾರನ್ನು ಶಿವಮೊಗ್ಗಕ್ಕೆ ತಂದೆ. ನಮ್ಮ ಜೀಪಿನ ಕೆಲಸ ಮಾಡಿದ್ದ ಮೇಸ್ತ್ರಿಗೆ ಈಗ ಅರವತ್ತು ದಾಟಿದೆ, ಸ್ಟಾರ್ಮ್ ಅವರ ಕೈಗೆ ಬಂದದ್ದು ಅದೇ ಮೊದಲು. ಎಂಜಿನ್ ಬಿಸಿ ಮಾಡಿ, ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಲು ನನ್ನನ್ನು ಕೂರಿಸಿ, ಅವರು ಒಂದೊಂದೇ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗೆ ಹುಟ್ಟುವ ಒತ್ತಡವನ್ನು ಅಳೆದರು: 178, 175, 180, 172 ಪಿಎಸ್‌ಐ. ಇಂಥ ಅಳತೆಯಲ್ಲಿ ಅಂಕಿ ಎಷ್ಟು ದೊಡ್ಡದು ಎಂಬುದಕ್ಕಿಂತ ನಾಲ್ಕೂ ಒಂದಕ್ಕೊಂದು ಎಷ್ಟು ಹತ್ತಿರ ಇವೆ ಎಂಬುದು ಮುಖ್ಯ. ಇಲ್ಲಿ ಅಂತರ ಶೇಕಡಾ ಐದರೊಳಗಿತ್ತು. ಯಾವುದಾದರೂ ಸಿಲಿಂಡರ್ ತೀರ ಕಡಿಮೆ ತೋರಿಸಿದ್ದರೆ, ಅದರೊಳಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯುವುದು ಅವರ ಕ್ರಮ. ಆಗ ಅಂಕಿ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದೋ ಹೆಡ್ಡು ಬ್ಲಾಕುಗಳ ನಡುವಿನ ಗ್ಯಾಸ್ಕೆಟ್ಟಿನದೋ. ಪ್ಲಗ್ಗಿನ ತೂತಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿದಾಗ ಸಿಲಿಂಡರಿನ ಗೋಡೆಯ ಮೇಲೆ ಹೋನಿಂಗ್ ಮಾಡಿದ ಓರೆ ಗೆರೆಗಳು ಇನ್ನೂ ಸ್ಪಷ್ಟವಾಗಿ ಕಂಡವು. ಆಯಿಲ್ ನಿಂತು ರಿಂಗುಗಳನ್ನು ನುಣುಪಾಗಿ ಜಾರಿಸುವುದು ಆ ಗೆರೆಗಳಲ್ಲೇ. ಎಂಜಿನ್ ಕಟ್ಟಿದ ಕೈ ಒಳ್ಳೆಯದೆಂದು ಮೇಸ್ತ್ರಿ ಒಪ್ಪಿಕೊಂಡರು.

ರೇಡಿಯೇಟರಿನ ಸರದಿ ಬಂದಾಗ ಕಥೆ ಬೇರೆಯೇ ಆಯಿತು. ಡ್ಯಾಷ್‌ಬೋರ್ಡಿನ ಕೆಳಗೆ, ಕಾರಿನ ಜೊತೆ ಬಂದದ್ದಲ್ಲದ ಒಂದು ಸ್ವಿಚ್ ಇದ್ದುದನ್ನು ನಾನು ಕೊಪ್ಪದಲ್ಲೇ ಗಮನಿಸಿದ್ದೆ, ಫಾಗ್ ಲೈಟಿನದಿರಬೇಕು ಎಂದುಕೊಂಡಿದ್ದೆ. ಮೇಸ್ತ್ರಿ ವೈರು ಹಿಡಿದು ಹುಡುಕುತ್ತ ಹೋದಾಗ ಅದು ರೇಡಿಯೇಟರ್ ಫ್ಯಾನಿಗೆ ಸೇರಿದ್ದು ಕಂಡಿತು. ನೀರು ಇಂತಿಷ್ಟು ಬಿಸಿಯಾದಾಗ ಫ್ಯಾನನ್ನು ತಾನಾಗಿಯೇ ತಿರುಗಿಸಬೇಕಾದ ಥರ್ಮೋ ಸ್ವಿಚ್ ಯಾವಾಗಲೋ ಸತ್ತಿತ್ತು. ಅದನ್ನು ಬದಲಿಸುವ ಬದಲು ಯಾರೋ ಕೈಯಿಂದ ಒತ್ತುವ ಸ್ವಿಚ್ ಕೂರಿಸಿಬಿಟ್ಟಿದ್ದರು. ಘಾಟಿ ಹತ್ತುವಾಗ ಅದನ್ನು ಒತ್ತಲು ಮರೆತರೆ ಮುಗಿಯಿತು. ಮೇಸ್ತ್ರಿ ತಾಪಮಾನ ಅಳೆಯುವ ಗನ್ ಹಿಡಿದು ರೇಡಿಯೇಟರಿನ ಮೈಯುದ್ದಕ್ಕೂ ನೋಡಿದರು. ಬಿಸಿ ನೀರು ಹರಿಯುವ ಕಡೆಗಿಂತ ಕೆಳಗಿನ ಮೂಲೆ ಎಷ್ಟೋ ತಣ್ಣಗಿತ್ತು, ಅಂದರೆ ಅಲ್ಲಿ ನೀರು ಹರಿಯುತ್ತಲೇ ಇರಲಿಲ್ಲ. ಕೆಳಗಿನ ಪೈಪ್ ಬಿಚ್ಚಿದಾಗ ಕೆಂಪು ಮಣ್ಣಿನ ರಾಡಿಯಂಥದ್ದು ಸುರಿಯಿತು. ಕೂಲೆಂಟ್ ಬೆರೆಸದ ಬರಿಯ ಬಾವಿ ನೀರನ್ನು ವರ್ಷಗಟ್ಟಲೆ ಹಾಕಿದರೆ ಎರಕದ ಕಬ್ಬಿಣದ ಬ್ಲಾಕ್ ಒಳಗೊಳಗೇ ತುಕ್ಕು ಹಿಡಿದು, ಆ ತುಕ್ಕು ರೇಡಿಯೇಟರಿನ ಸಣ್ಣ ನಳಿಕೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಈ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಕಬ್ಬಿಣ. ಕಾವಿಗೆ ಇವೆರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವಾದ್ದರಿಂದ, ಒಮ್ಮೆ ಮಿತಿ ಮೀರಿ ಕುದಿದರೆ ಹೆಡ್ ಬಾಗಿ ಗ್ಯಾಸ್ಕೆಟ್ ಹೋಗುತ್ತದೆ. ಹೆಡ್ಡನ್ನು ಒಮ್ಮೆ ಮಟ್ಟ ಮಾಡಿಸಬಹುದು, ಮತ್ತೆ ಮತ್ತೆ ಹೆರೆಯುವಷ್ಟು ಲೋಹ ಅದರಲ್ಲಿರುವುದಿಲ್ಲ. ಇನ್ನೊಂದೇ ಒಂದು ಘಾಟಿ ಹತ್ತಿದ್ದರೂ ಅಷ್ಟು ಶ್ರದ್ಧೆಯಿಂದ ಕಟ್ಟಿದ ಎಂಜಿನ್ ಮತ್ತೆ ಹಾಳಾಗುತ್ತಿತ್ತು ಎಂದು ಯೋಚಿಸಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಇದನ್ನು ಯಜಮಾನರಿಗೆ ಫೋನಿನಲ್ಲಿ ಹೇಳುವುದು ಸರಿಯಲ್ಲವೆನಿಸಿ ಕೊಪ್ಪಕ್ಕೇ ಹೋಗಿ ರಾಡಿ ತುಂಬಿದ ಬಾಟಲಿಯನ್ನು ತೋರಿಸಿದೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು. "ಅಷ್ಟು ದುಡ್ಡು ಸುರಿದೆ, ಇದನ್ನ ಒಬ್ಬರಾದ್ರೂ ಹೇಳ್ಲಿಲ್ಲ ನೋಡಿ" ಎಂದರು. ಆ ಸ್ವಿಚ್ಚಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ನಾನು ಚೌಕಾಸಿಗೆ ಇಳಿಯುವ ಮೊದಲೇ ಅವರು ತಾವಾಗಿ ನಲವತ್ತು ಸಾವಿರ ಇಳಿಸಿದರು. ಅವರ ಮನೆಯಲ್ಲೇ ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿದೆವು. ಹದಿನೈದು ವರ್ಷ ತುಂಬಿದಾಗ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಿದ್ದರು, ಅದರಲ್ಲಿ ಎರಡು ವರ್ಷವಷ್ಟೇ ಉಳಿದಿತ್ತು.

ಫೈಬರ್‌ಗ್ಲಾಸಿನ ಮೈಗೆ ತುಕ್ಕಿನ ಭಯವಿಲ್ಲ ಎಂಬ ಸಮಾಧಾನ ಅರ್ಧ ಸತ್ಯ ಮಾತ್ರ. ಅದರ ಕೆಳಗಿರುವ ಚಾಸಿ ಉಕ್ಕಿನದೇ, ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆಯಾಗಿರುವ ನಮ್ಮ ರಸ್ತೆಗಳಲ್ಲಿ ತುಕ್ಕು ಮೊದಲು ಹಿಡಿಯುವುದು ಅದಕ್ಕೇ. ಲಿಫ್ಟಿನ ಮೇಲೆ ಏರಿಸಿ ಸುತ್ತಿಗೆಯಿಂದ ತಟ್ಟುತ್ತ ನೋಡಿದೆವು. ಒಂದೆರಡು ಕಡೆ ಉಜ್ಜಿ ಬಣ್ಣ ಬಳಿದದ್ದು ಬಿಟ್ಟರೆ ಹೆಚ್ಚಿನ ಕೆಲಸ ಬರಲಿಲ್ಲ. ಇಲಿ ಕಡಿದ ಎರಡು ವೈರುಗಳನ್ನೂ ಸರಿಪಡಿಸಿದರು.

ರೇಡಿಯೇಟರಿಗೆ ಅದೇ ಅಳತೆಯ ಹೊಸ ಕೋರ್ ಕೂರಿಸಿ, ಕಾವಿಗೆ ತಕ್ಕಂತೆ ನೀರಿನ ದಾರಿ ತೆರೆಯುವ ಹೊಸ ಥರ್ಮೋಸ್ಟಾಟ್ ಮತ್ತು ಥರ್ಮೋ ಸ್ವಿಚ್ ಹಾಕಿ, ಬ್ಲಾಕಿನೊಳಗೆ ನೀರು ತಿಳಿಯಾಗಿ ಬರುವ ತನಕ ತೊಳೆದು, ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟನ್ನು ಸಮಪಾಲಾಗಿ ಬೆರೆಸಿ ತುಂಬಿಸಿದೆವು. ಇದೇ ಎಂಜಿನ್ ಯೂರೋಪಿನಲ್ಲಿ ರೆನೋದ ಟ್ವಿಂಗೋ ಮತ್ತು ಕ್ಲಿಯೋ ಕಾರುಗಳಲ್ಲಿ ಇದ್ದುದರಿಂದ ಥರ್ಮೋಸ್ಟಾಟ್ ಅಲ್ಲಿಂದ ಬಂತು, ಕಾಯಬೇಕಾದದ್ದು ಮೂರು ವಾರ. ನಮ್ಮ ಮನೆಯ ದಾರಿಯ ಉಬ್ಬು ತಗ್ಗುಗಳನ್ನು ಇಷ್ಟು ತಗ್ಗಿನ ಕಾರು ದಾಟಲಾರದು. ಹಾಗಾಗಿ ಟಾರು ರಸ್ತೆಯ ಪಕ್ಕದಲ್ಲೇ ಅಡಿಕೆ ದಬ್ಬೆ ಮತ್ತು ಶೀಟು ಬಳಸಿ ಅದಕ್ಕೊಂದು ಕೊಟ್ಟಿಗೆ ಕಟ್ಟಿದೆ.

ಕಟ್ಟಿದ ಮೇಲೆ ಎರಡು ವರ್ಷದಲ್ಲಿ 1,400 ಕಿಲೋಮೀಟರ್ ಅಷ್ಟೇ ಓಡಿದ ಎಂಜಿನ್ ಆದ್ದರಿಂದ, ಮೊದಲ ಐನೂರು ಕಿಲೋಮೀಟರ್ ಅದನ್ನು ಹೊಸದೆಂದೇ ಭಾವಿಸಿ ಓಡಿಸಬೇಕೆಂದು ಮೇಸ್ತ್ರಿ ಹೇಳಿದ್ದರು. ಶಿವಮೊಗ್ಗ ಮತ್ತು ತೀರ್ಥಹಳ್ಳಿಯ ನಡುವಿನ ಸುಮಾರು 60 ಕಿಲೋಮೀಟರ್ ಇದಕ್ಕೆ ಹೇಳಿ ಮಾಡಿಸಿದ ರಸ್ತೆ. ಗಾಜನೂರು, ಮಂಡಗದ್ದೆಗಳನ್ನು ದಾಟಿ ತುಂಗೆಯ ಬದಿಯಲ್ಲೇ ಸಾಗುವ ಇಲ್ಲಿ ಒಂದೇ ವೇಗದಲ್ಲಿ ಹೋಗಲು ತಿರುವುಗಳೇ ಬಿಡುವುದಿಲ್ಲ. ಏರಿನಲ್ಲಿ ಎಂಜಿನ್ನಿಗೆ ಹದವಾದ ಭಾರ ಕೊಟ್ಟು, ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟು ಇಳಿದರೆ ರಿಂಗುಗಳು ಗೋಡೆಗೆ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಐನೂರು ಮುಗಿದಾಗ ಮೇಸ್ತ್ರಿ ಹಳೆಯ ಆಯಿಲ್ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಒಳಗಿನ ಕಾಗದವನ್ನು ಬಿಸಿಲಿಗೆ ಹರಡಿ ನೋಡಿದರು. ಸವೆತ ತೋರಿಸುವ ಲೋಹದ ಹೊಳೆಯುವ ಚೂರು ಒಂದೂ ಇರಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ, ಬಿಸಿಲು ಜೋರಾಗಿದ್ದಾಗಲೇ, ಬೇಕೆಂದೇ ಹೆಬ್ರಿಯ ಕಡೆಯಿಂದ ಸೋಮೇಶ್ವರಕ್ಕೆ ಬಂದು ಆಗುಂಬೆ ಘಾಟಿ ಹತ್ತಿದೆ. ಛಾವಣಿ ಮಡಚಿತ್ತು. ಪಕ್ಕದಲ್ಲಿ ಕೊಪ್ಪದ ಯಜಮಾನರು ಕುಳಿತಿದ್ದರು, ನಾನೇ ಕರೆದಿದ್ದೆ. ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಒಂಬತ್ತನೆಯದು ಬಂದಾಗ ಅವರು "ಇಲ್ಲೇ ನಿಂತದ್ದು" ಎಂದು ಕೈ ತೋರಿಸಿದರು. ಮುಂದೆ ಬಸ್ಸೊಂದು ನಿಧಾನವಾಗಿ ಹತ್ತುತ್ತಿದ್ದುದರಿಂದ ನಾವು ಮೊದಲನೇ ಗೇರಿನಲ್ಲೇ ಅದರ ಹಿಂದೆ ತೆವಳಬೇಕಾಯಿತು. ತಾಪಮಾನದ ಮುಳ್ಳು ನಡುವಿನ ಗೆರೆಯನ್ನು ಸ್ವಲ್ಪ ದಾಟಿತು, ಫ್ಯಾನ್ ತಾನಾಗಿಯೇ ತಿರುಗತೊಡಗಿದ ಸದ್ದು ಕೇಳಿಸಿತು, ಮುಂದಿನ ತಿರುವು ಮುಗಿಯುವಷ್ಟರಲ್ಲಿ ಮುಳ್ಳು ಮೊದಲಿನ ಜಾಗಕ್ಕೆ ಮರಳಿತ್ತು. ಮೇಲೆ ಸೂರ್ಯಾಸ್ತ ನೋಡುವ ಕಟ್ಟೆಯ ಬಳಿ ಕಾರು ನಿಲ್ಲಿಸಿದಾಗ ಯಜಮಾನರು ಇಳಿದು ಬಾನೆಟ್ ಮೇಲೆ ಅಂಗೈಯಿಟ್ಟು ಒಂದು ಕ್ಷಣ ಹಾಗೇ ನಿಂತರು. ಆಮೇಲೆ ಕೊಪ್ಪದವರೆಗೆ ತಾವೇ ಓಡಿಸಲೇ ಎಂದು ಕೇಳಿದರು, ನಾನು ಕೀಲಿ ಕೊಟ್ಟೆ.