ಚಿನ್ನುವಿನ ಕೋಳಿಗಳು ಮೊಟ್ಟೆ ಇಡ್ತಿಲ್ಲವಂತೆ

14 ಡಿಸೆಂಬರ್ 2025, ಭಾನುವಾರ, ರಾತ್ರಿ

"ಅಕ್ಕಾ, ಹನ್ನೆರಡು ಕೋಳಿ ಇದಾವೆ, ದಿನಾ ಬೀಜ ಹಾಕ್ತೀನಿ, ಆದ್ರೂ ಒಂದು ಮೊಟ್ಟೆ ಇಲ್ಲ. ಹುಂಜ ಬೇಕಾ?"

ಸಂಜೆ ನಾವೆಲ್ಲ ಒಟ್ಟಿಗೆ ಮೈನ್‌ಕ್ರಾಫ್ಟ್ ಆಟ ಆಡೋ ಸರ್ವರ್‌ಗೆ ಬಂದವಳೇ ಚಿನ್ನು ಕೇಳಿದ್ದು ಇದನ್ನ. ಕೇಕ್ ಮಾಡಬೇಕಂತೆ. 3 ಬಕೆಟ್ ಹಾಲು, 2 ಸಕ್ಕರೆ, 3 ಗೋಧಿ ಎಲ್ಲಾ ಜೋಡಿಸಿಟ್ಟುಕೊಂಡಿದ್ದಾಳೆ. ಬೇಕಿರೋದು ಒಂದೇ ಒಂದು ಮೊಟ್ಟೆ.

ಮೈನ್‌ಕ್ರಾಫ್ಟ್‌ನಲ್ಲಿ ಹುಂಜ, ಹೇಂಟೆ ಅನ್ನೋ ಭೇದವೇ ಇಲ್ಲ. ಬೆಳೆದ ಪ್ರತಿ ಕೋಳಿಯೂ ಮೊಟ್ಟೆ ಇಡುತ್ತೆ. ಇಡದೇ ಇರೋದು ಮರಿ, ಮತ್ತೆ ಮರಿ ಜಾಂಬಿ ಸವಾರಿ ಮಾಡ್ತಾ ಬರೋ ಕೋಳಿ, ಇವೆರಡೇ. ಬೀಜಕ್ಕೂ ಮೊಟ್ಟೆಗೂ ಸಂಬಂಧ ಇಲ್ಲ. ಎರಡು ಕೋಳಿಗೆ ಒಂದೊಂದು ಬೀಜ ಕೊಟ್ಟರೆ ಒಂದು ಮರಿ ಆಗುತ್ತೆ, ಬೆಳೆದ ಕೋಳಿಗೆ ಬೀಜದ ಕೆಲಸ ಅಲ್ಲಿಗೆ ಮುಗೀತು. ಬೆಳಕು, ಹುಲ್ಲು, ಗೂಡು ಯಾವುದೂ ಲೆಕ್ಕಕ್ಕಿಲ್ಲ.

ಲೆಕ್ಕಕ್ಕಿರೋದು ಸಮಯ ಮಾತ್ರ. ಪ್ರತಿ ಕೋಳಿಯ ಒಳಗೂ ಒಂದು ಎಣಿಕೆ ಓಡ್ತಿರುತ್ತೆ: 6000ದಿಂದ 12000 ಟಿಕ್‌ಗಳ ನಡುವಿನ ಯಾವುದೋ ಒಂದು ಸಂಖ್ಯೆ. ಟಿಕ್ ಅಂದರೆ ಆಟದ ಗಡಿಯಾರದ ಒಂದು ಬಡಿತ. ಸೆಕೆಂಡಿಗೆ 20 ಟಿಕ್, ಅಂದರೆ 5ರಿಂದ 10 ನಿಮಿಷ. ಅದು ಸೊನ್ನೆಗೆ ಬಂದಾಗ ಮೊಟ್ಟೆ ಬೀಳುತ್ತೆ, ಹೊಸ ಸಂಖ್ಯೆ ಶುರು. ಸರಾಸರಿ ಏಳೂವರೆ ನಿಮಿಷ ಹಿಡಿದರೆ ಒಂದು ಕೋಳಿಯಿಂದ ಗಂಟೆಗೆ 8 ಮೊಟ್ಟೆ. ಹಾಸಿಗೆಯಲ್ಲಿ ಮಲಗಿ ರಾತ್ರಿ ದಾಟಿಸಿದರೆ ಸೂರ್ಯ ಮುಂದಕ್ಕೆ ಹೋಗ್ತಾನೆ, ಕೋಳಿಯ ಎಣಿಕೆ ಇದ್ದಲ್ಲೇ ಇರುತ್ತೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. "ಮೂರು ದಿನ ಆಯ್ತು, ಮೊಟ್ಟೆ ಇಲ್ಲ" ಅನ್ನುವವರಲ್ಲಿ ಅರ್ಧ ಜನ ಆ ಮೂರು ರಾತ್ರಿಯನ್ನೂ ಮಲಗಿ ಕಳೆದಿರ್ತಾರೆ.

"ಸರಿ, ಬೀಜ ಹಾಕಿದ ಮೇಲೆ ಎಲ್ಲಿಗೆ ಹೋಗ್ತೀಯ?"

"ಗಣಿಗೆ."

"ಎಷ್ಟು ದೂರ? ಎಫ್3 ಒತ್ತಿ ಎಕ್ಸ್ ಎಷ್ಟಿದೆ ಹೇಳು."

"410. ಕೋಳಿಮನೆ 90ರಲ್ಲಿದೆ."

ಎಫ್3 ಒತ್ತಿದರೆ ನಾವಿರೋ ಜಾಗದ ಅಂಕೆ ಪರದೆ ಮೇಲೆ ಬರುತ್ತೆ. ಎರಡರ ನಡುವಿನ ಅಂತರ 320 ಬ್ಲಾಕ್, ಅಂದರೆ ಆಟದ ಲೋಕದ 320 ಚೌಕ ತುಂಡು. ಅಲ್ಲಿಗೆ ಉತ್ತರ ಸಿಕ್ಕಿತು. ಸರ್ವರ್‌ನ ಸಿಮ್ಯುಲೇಷನ್ ಡಿಸ್ಟೆನ್ಸ್ (ನಮ್ಮ ಸುತ್ತ ಎಷ್ಟು ದೂರದವರೆಗೆ ಆಟ ಓಡುತ್ತೆ ಅನ್ನೋ ಮಿತಿ) ಮೊದಲಿಗೆ 10 ಚಂಕ್ ಇರುತ್ತೆ, ಚಂಕ್‌ಗೆ 16 ಬ್ಲಾಕ್, ಹೆಚ್ಚುಕಮ್ಮಿ 160 ಬ್ಲಾಕ್ ಆಯ್ತು. ಅದರಾಚೆ ಕೋಳಿ ನಿಂತ ಹಾಗೇ ನಿಂತಿರುತ್ತೆ, ಎಣಿಕೆಯೂ ನಿಂತಿರುತ್ತೆ. ಕಳೆದುಹೋಗೋದಿಲ್ಲ, ಮತ್ತೆ ಹತ್ತಿರ ಬಂದಾಗ ಬಿಟ್ಟಲ್ಲಿಂದ ಮುಂದುವರಿಯುತ್ತೆ. ನಮ್ಮದು ಪೇಪರ್ ಸರ್ವರ್ ಆದ್ದರಿಂದ ಇನ್ನೂ ಒಂದು ಕಟ್ಟು ಇದೆ: ಸ್ಪಿಗಾಟ್, ಪೇಪರ್ ಅನ್ನೋ ಸರ್ವರ್ ತಂತ್ರಾಂಶ ಎರಡರಲ್ಲೂ ಸೆಟ್ಟಿಂಗ್ ಮುಟ್ಟದಿದ್ದರೆ 32 ಬ್ಲಾಕ್ ಆಚೆಯ ಪ್ರಾಣಿಗಳನ್ನ ಸರ್ವರ್ ಬಹುಪಾಲು ನಿದ್ದೆಗೆ ಹಾಕಿಬಿಡುತ್ತೆ. ಮನೆ ಪಕ್ಕದ ಹೊಲದಲ್ಲೇ ಇದ್ದೀನಲ್ಲ ಅಂದುಕೊಂಡರೂ 40 ಬ್ಲಾಕ್ ದೂರ ಇದ್ದರೆ ಮೊಟ್ಟೆ ತೀರಾ ನಿಧಾನ. ಕೋಳಿಮನೆಯನ್ನ ಕುಲುಮೆ, ಉಗ್ರಾಣ, ಹಾಸಿಗೆ ಇರೋ ಕಡೆ, ನಾವು ಸುಮ್ಮನೆ ನಿಂತು ಸಾಮಾನು ಜೋಡಿಸೋ ಜಾಗದ ಪಕ್ಕ ಕಟ್ಟಬೇಕು ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ.

ಹತ್ತಿರ ಇದ್ದರೂ ಸಾಲದು. ನೆಲಕ್ಕೆ ಬಿದ್ದ ಮೊಟ್ಟೆಯನ್ನ 5 ನಿಮಿಷದೊಳಗೆ ಯಾರೂ ಎತ್ತದಿದ್ದರೆ ಮಾಯ. ದೂರ ಹೋದರೆ ಕೋಳಿ ಇಡೋದಿಲ್ಲ, ಹತ್ತಿರದಲ್ಲೇ ಬೇರೆ ಕೆಲಸದಲ್ಲಿದ್ದರೆ ಇಟ್ಟದ್ದು ಉಳಿಯೋದಿಲ್ಲ. ಚಿನ್ನುಗೆ ಎರಡೂ ಆಗಿದೆ.

ಅದಕ್ಕೇ ಹಾಪರ್, ಮೇಲೆ ಬಿದ್ದದ್ದನ್ನ ಎಳೆದುಕೊಂಡು ಚೆಸ್ಟ್‌ಗೆ (ಪೆಟ್ಟಿಗೆಗೆ) ಸಾಗಿಸೋ ಲಾಳಿಕೆ. ಮಾಡೋಕೆ 5 ಕಬ್ಬಿಣದ ಗಟ್ಟಿ, 1 ಚೆಸ್ಟ್. ಮೊದಲು ಇನ್ನೊಂದು ಚೆಸ್ಟ್ ಇಟ್ಟು, ಶಿಫ್ಟ್ ಹಿಡಿದುಕೊಂಡೇ ಚೆಸ್ಟ್ ಮೇಲೆ ಕ್ಲಿಕ್ ಮಾಡಿ ಹಾಪರ್ ಕೂರಿಸಬೇಕು. ಹಾಪರ್‌ನ ಕೆಳಗಿನ ಸಣ್ಣ ಮೂತಿ ಚೆಸ್ಟ್ ಕಡೆಗೇ ತಿರುಗಿದೆಯಾ ನೋಡಿಕೊಳ್ಳಿ. ಮೂತಿ ಬೇರೆ ಕಡೆ ಇದ್ದರೆ ಹಾಪರ್‌ನ 5 ಖಾನೆಗಳು ತುಂಬುತ್ತವೆ, ಖಾನೆಗೆ 16ರಂತೆ 80 ಮೊಟ್ಟೆ, ಆಮೇಲಿನದೆಲ್ಲ ನೆಲದಲ್ಲೇ ಬಿದ್ದು ಹೋಗುತ್ತೆ. ಹಾಪರ್‌ಗೆ ತಾಗಿ ರೆಡ್‌ಸ್ಟೋನ್ ಟಾರ್ಚ್ ಇಡಬೇಡಿ, ವಿದ್ಯುತ್ ಸಿಕ್ಕ ಹಾಪರ್ ಕೆಲಸ ನಿಲ್ಲಿಸುತ್ತೆ. ಬೆಳಕಿಗೆ ಮಾಮೂಲಿ ಟಾರ್ಚ್ ಸಾಕು. ಹಾಪರ್‌ನ ನಾಲ್ಕೂ ಬದಿಗೆ ಎರಡು ಬ್ಲಾಕ್ ಎತ್ತರ ಗಾಜು. ಒಂದೇ ಎತ್ತರ ಬಿಟ್ಟರೆ ಕೋಳಿ ಹಾರಿ ಆಚೆ ಬರುತ್ತೆ. ಆಚೆ ಬಂದ ಕೋಳಿಗೆ ನರಿ ಕಾಯ್ತಿರುತ್ತೆ.

ಕೋಳಿಯನ್ನ ಗಾಜಿನೊಳಗೆ ಅಟ್ಟೋ ಪಾಡು ಬೇಡ, ಮೇಲೆ ನಿಂತು ಹಾಪರ್ ಮೇಲಕ್ಕೆ ಮೊಟ್ಟೆ ಎಸೆದರೆ ಮರಿ ಒಳಗೇ ಹುಟ್ಟುತ್ತೆ. ಎಂಟರಲ್ಲಿ ಒಂದು ಮೊಟ್ಟೆ ಒಡೆದು ಮರಿ ಬರುತ್ತೆ, ಹಾಗೆ ಬಂದವುಗಳಲ್ಲಿ 32ಕ್ಕೆ ಒಂದು ಸಲ ಒಟ್ಟಿಗೆ ನಾಲ್ಕು ಮರಿ. 16 ಎಸೆದರೆ ಸರಾಸರಿ ಎರಡು ಅನ್ನಿ. ಆದರೆ ಅಷ್ಟೂ ಎಸೆದು ಒಂದೂ ಹುಟ್ಟದಿರೋ ಸಾಧ್ಯತೆ ನೂರಕ್ಕೆ 12ರಷ್ಟಿದೆ, ಹಾಗಾದಾಗ ಏನೋ ಕೆಟ್ಟಿದೆ ಅಂತ ಎಲ್ಲವನ್ನ ಕಿತ್ತುಹಾಕಬೇಡಿ. ಮರಿ ಬೆಳೆಯೋಕೆ 20 ನಿಮಿಷ. ಬೀಜ ಇಲ್ಲಿ ಉಪಯೋಗಕ್ಕೆ ಬರುತ್ತೆ: ಪ್ರತಿ ಬೀಜಕ್ಕೂ ಉಳಿದ ಸಮಯದಲ್ಲಿ ಹತ್ತನೇ ಒಂದು ಪಾಲು ಕಡಿಮೆಯಾಗುತ್ತೆ. ಬೆಳೆದವು ಒಂದು ಸಲ ಕೂಡಿದ ಮೇಲೆ ಮುಂದಿನ ಸಲಕ್ಕೆ 5 ನಿಮಿಷ ಬಿಡುವು ಬೇಕು.

20 ಕೋಳಿಗೆ ನಿಲ್ಲಿಸಿ. ಆಟದ ಜಾವಾ (ಕಂಪ್ಯೂಟರ್) ಆವೃತ್ತಿಯಲ್ಲಿ ಒಂದೇ ಕಡೆ 24ಕ್ಕಿಂತ ಹೆಚ್ಚು ಪ್ರಾಣಿಗಳು ಒತ್ತಿಕೊಂಡರೆ ಉಸಿರುಗಟ್ಟಿ ಸಾಯ್ತವೆ. ಕೋಳಿಗೆ ಇರೋ ಜೀವ 4, ಒಂದೇ ಏಟಿಗೆ ಹೋಗುತ್ತೆ. 20 ಕೋಳಿ ಅಂದರೆ ಗಂಟೆಗೆ 160 ಮೊಟ್ಟೆ. ಒಂಟಿ ಚೆಸ್ಟ್‌ನಲ್ಲಿ ಹಿಡಿಯೋದು 432, ಮೂರು ಗಂಟೆಯೊಳಗೆ ತುಂಬಿಹೋಗುತ್ತೆ, ಆದ್ದರಿಂದ ಜೋಡಿ ಚೆಸ್ಟ್ ಇಡಿ.

ನಿಜ ಹೇಳಬೇಕಂದ್ರೆ ನನಗೆ ಬೇಸರ ಬರಿಸೋದು "ಇನ್ನೂ ಕೋಳಿ ಸಾಕು" ಅನ್ನೋ ಸಲಹೆ. ನೂರಾರು ಕೋಳಿ ಒಂದು ಹಿತ್ತಲಲ್ಲಿ ಒಂದನ್ನೊಂದು ತಳ್ಳಾಡ್ತಾ ಇದ್ದರೆ ಅದರ ಲೆಕ್ಕವನ್ನೆಲ್ಲ ಸರ್ವರ್ ಮಾಡಬೇಕು. ಸೆಕೆಂಡಿಗೆ 20 ಇದ್ದ ಟಿಕ್ 10ಕ್ಕೆ ಇಳಿದರೆ 5 ನಿಮಿಷದ ಮೊಟ್ಟೆ 10 ನಿಮಿಷಕ್ಕೆ, 10ರದ್ದು 20ಕ್ಕೆ. ಅವರ ಕೋಳಿ ಮಾತ್ರ ಅಲ್ಲ, ಸರ್ವರ್‌ನಲ್ಲಿರೋ ಎಲ್ಲರ ಕೋಳಿಯೂ, ಕುಲುಮೆಯೂ, ಬೆಳೆಯೂ. ಹೊಸಬರಿಗೆ ಇಂಥ ಸಲಹೆ ಕೊಡಬೇಡಿ ದಯವಿಟ್ಟು. ಹನ್ನೆರಡು ಕೋಳಿ, ಒಂದು ಹಾಪರ್, ಹತ್ತಿರದಲ್ಲಿ ಒಬ್ಬ ಮನುಷ್ಯ, ಇಷ್ಟಿದ್ದರೆ ಕಾಲು ಗಂಟೆಯಲ್ಲಿ ಇಪ್ಪತ್ತರ ಮೇಲೆ ಮೊಟ್ಟೆ.

ಚಿನ್ನು ಹಾಪರ್ ಕೂರಿಸಿ ಅಲ್ಲೇ ನಿಂತಳು. "ಅಕ್ಕಾ, ಒಂದು ಕಂದು ಮೊಟ್ಟೆ ಬಂತು! ಇದು ಕೆಟ್ಟಿದೆಯಾ?"

ಕೆಟ್ಟಿಲ್ಲ ಪುಟ್ಟಿ. 2025ರ 1.21.5 ಆವೃತ್ತಿಯಿಂದ ಕೋಳಿ ಮೂರು ಬಗೆ. ಬಿಸಿ ಪ್ರದೇಶದ್ದು ಕಂದು ಮೊಟ್ಟೆ ಇಡುತ್ತೆ, ಚಳಿ ಪ್ರದೇಶದ್ದು ನೀಲಿ, ಉಳಿದದ್ದು ಹಳೇ ಬಿಳಿ. ಕೇಕ್‌ಗೆ ಯಾವುದಾದರೂ ಆಗುತ್ತೆ. ಎಸೆದರೆ ಯಾವ ಬಣ್ಣದ ಮೊಟ್ಟೆಯೋ ಆ ಬಗೆಯ ಮರಿ. ತೊಂದರೆ ಒಂದೇ, ಬಣ್ಣ ಬೇರೆಯಾದರೆ ಒಂದೇ ಖಾನೆಯಲ್ಲಿ ಕೂರೋದಿಲ್ಲ, ಚೆಸ್ಟ್ ಬೇಗ ತುಂಬುತ್ತೆ.

ಈಗ ಅವಳಿಗೆ ಮೂರು ಬಣ್ಣಕ್ಕೂ ಬೇರೆ ಬೇರೆ ಚೆಸ್ಟ್ ಬೇಕಂತೆ, ತಾನಾಗೇ ವಿಂಗಡಿಸೋ ಹಾಗೆ. ಎಲ್ಲರೂ ಕಟ್ಟೋ, ವಸ್ತು ವಿಂಗಡಿಸೋ ಮಾಮೂಲಿ ಸಾರ್ಟರ್‌ನಲ್ಲಿ ಹಾಪರ್‌ನ ಮೊದಲ ಖಾನೆಗೆ 41 ವಸ್ತು ಇಡ್ತಾರೆ, ಮೊಟ್ಟೆ 16ಕ್ಕಿಂತ ಜಾಸ್ತಿ ಕೂರೋದೇ ಇಲ್ಲವಲ್ಲ. ಕಾಗದದಲ್ಲಿ ಲೆಕ್ಕ ಹಾಕಿ ನೋಡಿದೆ: ಉಳಿದ 4 ಖಾನೆಗೆ ಖಾನೆಗೆ 64 ಕೂರೋ, ಹೆಸರು ಬದಲಿಸಿದ ವಸ್ತು ಒಂದೊಂದು, ಮೊದಲ ಖಾನೆಗೆ ಮೊಟ್ಟೆ 10. ಆಗ ಹಾಪರ್ ಎಷ್ಟು ತುಂಬಿದೆ ಅಂತ ಅಳೆಯೋ ಕಂಪ್ಯಾರೇಟರ್ ಕೊಡೋ ಸಿಗ್ನಲ್ 2. ಹನ್ನೊಂದನೇ ಮೊಟ್ಟೆ ಬಿದ್ದ ತಕ್ಷಣ 3, ಕೆಳಗಿನ ಹಾಪರ್ ತೆರೆದುಕೊಳ್ಳುತ್ತೆ. ಖಾನೆಯಲ್ಲಿ 16 ತುಂಬಿದರೂ 3 ದಾಟೋದಿಲ್ಲ, ಹಾಗಾಗಿ ಪಕ್ಕದ ಬಣ್ಣದ ಸಾಲಿಗೆ ಸಿಗ್ನಲ್ ಸೋರೋ ಭಯವೂ ಇಲ್ಲ. ಮೂರನ್ನೂ ಒಂದಕ್ಕೊಂದು ತಾಗಿಸಿ ಕಟ್ಟಬಹುದು. ಆದರೆ ಮೇಲಿನ ಸಾಲಿನ ಹಾಪರ್ ಎಲ್ಲಿಗೆ ಕೊನೆಯಾಗಬೇಕು?