36 ಬೇಡ, 33 ಅಡಿ ಸಾಕು ಭಾವ

17 ನವೆಂಬರ್ 2024, ಭಾನುವಾರ
ಹುಬ್ಬಳ್ಳಿ

ಹೊನ್ನಾವರದಿಂದ ಭಾವ ನಕ್ಷೆಯ ಸುರುಳಿ ಹಿಡ್ಕೊಂಡು ಬೆಳಿಗ್ಗೆಯೇ ಬಂದರು. 30 ಅಡಿಯ ಟ್ರಾಲರ್ ದೋಣಿಯದು. ಮನೆ ಹಿಂದಿನ ಜಾಗದಲ್ಲಿ ತಾವೇ ಕಟ್ಟಬೇಕು ಅನ್ನೋದು ಅವರ ಹಳೇ ಆಸೆ. ಈಗ 36 ಅಡಿ ಬೇಕಂತೆ. ನಾನು ಡ್ರಾಯಿಂಗ್ ಕಲಿಸುವವನು ನೋಡಿ, "ಎಲ್ಲಾ ಅಳತೆಗೂ 1.2 ಗುಣಿಸಿ ಕೊಡು ಮಾರಾಯ, ಸಾಕು" ಅಂದರು.

ನಾನು ಒಪ್ಪಲಿಲ್ಲ. ಉದ್ದ, ಅಗಲ, ಎತ್ತರ ಮೂರೂ 1.2 ಪಟ್ಟಾದರೆ ಹಲಗೆ ಹೊದಿಸುವ ಮೈ 1.44 ಪಟ್ಟು. ತೂಕ 1.73 ಪಟ್ಟು! ನಕ್ಷೆಯಲ್ಲಿ 8 ಟನ್ ಇದ್ದದ್ದು ಹತ್ತಿರ ಹತ್ತಿರ 14 ಟನ್ ಆಗುತ್ತದೆ. ಖರ್ಚು ಏರುವುದು ತೂಕ ಏರಿದ ಹಾಗೆ. "ಪೇಢಾದ ಅಳತೆ ಎಲ್ಲಾ ಕಡೆ ಎರಡು ಪಟ್ಟು ಮಾಡಿದ್ರ ಖೋವಾ ಎಂಟು ಪಟ್ಟು ಬೇಕ್ರಿ ಭಾವ" ಅಂದೆ. ಆಗ ಸ್ವಲ್ಪ ಸುಮ್ಮನಾದರು.

ಇನ್ನೊಂದು, ದೋಣಿ ಬೆಳೆದರೂ ಮನುಷ್ಯ ಬೆಳೆಯಲ್ಲ ಅಲ್ವಾ? 9 ಇಂಚಿನ ಮೆಟ್ಟಿಲು 10.8 ಇಂಚಾಗುತ್ತೆ, ವಯಸ್ಸಾದವರು ಹತ್ತೋದೇ ಕಷ್ಟ. ಚಾಲಕನ ಕೋಣೆ ಸುಮ್ನೆ ಎತ್ತರವಾಗಿ ಗಾಳಿಗೆ ಎದೆ ಕೊಡುತ್ತದೆ. 12 ಮಿ.ಮೀ. ಪ್ಲೈವುಡ್ 14.4 ಆಗಬೇಕು, ಅದು ಯಾವ ಅಂಗಡಿಯಲ್ಲೂ ಸಿಗಲ್ಲ.

ನನ್ನ ಲೆಕ್ಕ ಬೇರೆ. ಅಗಲ, ಎತ್ತರ ಮುಟ್ಟಬಾರದು. ಉದ್ದವನ್ನು ಮಾತ್ರ ಎಳೆಯಬೇಕು, ಅದೂ ಶೇ. 10ರ ಒಳಗೆ. ನಕ್ಷೆಯಲ್ಲಿ ಫ್ರೇಮಿನಿಂದ (ದೋಣಿಯ ಪಕ್ಕೆಲುಬಿನಂಥ ಅಡ್ಡ ಚೌಕಟ್ಟು) ಫ್ರೇಮಿಗೆ 3 ಅಡಿ, ಅಂಥ 10 ಅಂತರ. ಪ್ರತಿ ಅಂತರಕ್ಕೆ 3.6 ಇಂಚು ಸೇರಿಸಿದರೆ 33 ಅಡಿ. ಫ್ರೇಮುಗಳ ಆಕಾರ ಇದ್ದ ಹಾಗೇ ಇರುತ್ತದೆ. ತೂಕ 8.8 ಟನ್ ಆಸುಪಾಸು. ಎಂಜಿನ್, ಡೀಸೆಲ್ ಟ್ಯಾಂಕ್ ಕೂಡ ಅದೇ ಪ್ರಮಾಣದಲ್ಲಿ ಸರಿಯಬೇಕು. ಇಲ್ಲದಿದ್ದರೆ ದೋಣಿಯ ಒಂದು ತುದಿ ತಗ್ಗಿ ಕೂರುತ್ತದೆ. ವೇಗವೂ ಒಂಚೂರು ಜಾಸ್ತಿ ಆಗುತ್ತೆ. ನೀರಿಗೆ ತಾಗುವ ಉದ್ದ 27 ಅಡಿ ಇದ್ದಾಗ ಸುಮಾರು 7 ನಾಟ್ (ಗಂಟೆಗೆ 13 ಕಿ.ಮೀ.), ಈಗ ಅದು 29.7 ಅಡಿ ಆಗಿ 7.3.

ಮಧ್ಯಾಹ್ನ ಅಮರಗೋಳದ ಹತ್ತಿರ ಪರಿಚಯದವರ ಖಾಲಿ ಗೋದಾಮಿಗೆ ಹೋದೆವು. ನೆಲಕ್ಕೆ ಪ್ಲೈವುಡ್ ಹಾಸಿ ಬಿಳಿ ಬಣ್ಣ ಬಳಿದಿದ್ದೆ. ದೋಣಿಯ ಗೆರೆಗಳನ್ನು ನಿಜವಾದ ಅಳತೆಯಲ್ಲೇ ಬರೆಯಬೇಕು, ಇದಕ್ಕೆ ಅಡ್ಡದಾರಿ ಇಲ್ಲ. ನಕ್ಷೆ 12ಕ್ಕೆ 1ರ ಸ್ಕೇಲಿನದು. ಅದರಲ್ಲಿ ಅರ್ಧ ಮಿ.ಮೀ. ದಪ್ಪದ ಪೆನ್ಸಿಲ್ ಗೆರೆ ನಿಜವಾದ ಅಳತೆಯಲ್ಲಿ 6 ಮಿ.ಮೀ. ತಪ್ಪಿಗೆ ಜಾಗ ಕೊಡುತ್ತದೆ.

ಅಕ್ಕನ ಮಗ ನಕ್ಷೆಯ ಅಳತೆಯಂತೆ ಗುರುತು ಮಾಡಿದ ಬಿಂದುಗಳ ಮೇಲೆ ಮೊಳೆ ಹೊಡೆದ. ಉದ್ದನೆಯ ತೆಳು ತೇಗದ ಪಟ್ಟಿಯನ್ನು ಮೊಳೆಗಳಿಗೆ ಒತ್ತಿ ಬಗ್ಗಿಸಿದೆವು. ನಾನು ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದೆ. ನಾಲ್ಕನೇ ಫ್ರೇಮಿನ ಹತ್ತಿರ ಗೆರೆ ಸ್ವಲ್ಪ ಒಳಗೆ ಕುಸಿದಿತ್ತು. "ಮಾಮಾ, ನಕ್ಷಾದಾಗಿನ ಅಳತಿನ ಹಾಕೇನಿ" ಅಂದ. ಆ ಒಂದು ಮೊಳೆ ಕೀಳಿಸಿದೆ. ಪಟ್ಟಿ ತಾನಾಗೇ ಹೊರಗೆ ಚಿಮ್ಮಿ ನಿಂತಿತು, 4 ಮಿ.ಮೀ. ಇಂಥ ಕಡೆ ಅಂಕಿಗಿಂತ ಪಟ್ಟಿಯನ್ನೇ ನಂಬಬೇಕು. ಮರ ಯಾವ ಬಾಗಿಗೆ ಒಪ್ಪುತ್ತದೆ ಅಂತ ಅದಕ್ಕೆ ಗೊತ್ತು.

ಸಂಜೆ ಹೊತ್ತಿಗೆ ಭಾವ 33ಕ್ಕೆ ಒಪ್ಪಿದರು. 36 ಬೇಕೇ ಬೇಕು ಅಂದರೆ 36 ಅಡಿಯದೇ ನಕ್ಷೆ ಕೊಳ್ಳಬೇಕು. ಮರದ ಖರ್ಚಿನ ಮುಂದೆ ನಕ್ಷೆಯ ಬೆಲೆ ದೊಡ್ಡದಲ್ಲ. ಉದ್ದ ಹೆಚ್ಚಾದಾಗ ಕೀಲ್ (ದೋಣಿಯ ತಳದ ಉದ್ದನೆಯ ಬೆನ್ನುಮರ) ಮೇಲೆ ಬಾಗುವ ಒತ್ತಡವೂ ಹೆಚ್ಚುತ್ತದೆ, ಅದರ ದಪ್ಪ ಎಷ್ಟಿರಬೇಕು ಅಂತ ನಕ್ಷೆ ಬರೆದವರನ್ನೇ ಕೇಳಿ ಪತ್ರ ಹಾಕಿದ್ದೇವೆ. ಉತ್ತರ ಬರುವವರೆಗೆ ಮರಕ್ಕೆ ಗರಗಸ ಹಾಕುವುದು ಬೇಡ ಅಂತ ಭಾವನಿಗೆ ಹೇಳಿ ಕಳಿಸಿದ್ದೇನೆ.