ಕಬೂಸಿನ ಹೊಟ್ಟೆಯಡಿಯ ಸಲಾಕೆಗಳು

ಡೆನ್ವರಿನಲ್ಲಿರುವ ಮಗಳನ್ನು ಕಾಡಿ ಬೇಡಿ ನ್ಯೂ ಮೆಕ್ಸಿಕೋದ ಚಾಮಾ ಊರಿಗೆ ಹೋಗಿದ್ದೆ. ಡೆನ್ವರ್ ಅಂಡ್ ರಿಯೊ ಗ್ರಾಂಡೆ ವೆಸ್ಟರ್ನ್ ಕಂಪನಿಯ ಹಳೆಯ ನ್ಯಾರೋಗೇಜ್ ರೈಲುದಾರಿ ಅಲ್ಲಿದೆ. ಹಳಿಗಳ ನಡುವೆ ಮೂರೇ ಅಡಿ. 1970ರಲ್ಲಿ ಕೊಲರಾಡೊ, ನ್ಯೂ ಮೆಕ್ಸಿಕೋ ರಾಜ್ಯಗಳೆರಡೂ ಸೇರಿ ಇಲ್ಲಿಂದ ಆಂಟೊನಿಟೋವರೆಗಿನ 64 ಮೈಲಿ ಕೊಂಡು ಉಳಿಸಿಕೊಂಡವು. ಎಲ್ಲರೂ ಇಂಜಿನ್ ಎದುರು ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ನಾನು ಕಬೂಸಿನ ಪಕ್ಕ ಮಂಡಿಯೂರಿ ಅಡಿಗೆ ಇಣುಕುತ್ತಿದ್ದೆ. ಕಬೂಸ್ ಅಂದರೆ ನಮ್ಮ ಗಾರ್ಡ್ ಡಬ್ಬಿ ಇದ್ದಂತೆ, ಗೂಡ್ಸ್ ರೈಲಿನ ಕೊನೆಯದು.

ನಮ್ಮಪ್ಪ ಬಡಗಿ. ಉದ್ದದ ತೊಲೆ ವರ್ಷ ಕಳೆದಂತೆ ನಡುವೆ ಜಗ್ಗುತ್ತದೆ ಅನ್ನುವುದು ನನಗೆ ಚಿಕ್ಕಂದಿನಿಂದಲೇ ಗೊತ್ತು. ಮರದ ಚೌಕಟ್ಟಿನ ಉದ್ದ ಡಬ್ಬಿಗೂ ಅದೇ ಕಾಟ. ಅದಕ್ಕೆ ಡಬ್ಬಿ ಕಟ್ಟುವವರು ಕಂಡುಕೊಂಡ ಪರಿಹಾರ ನೋಡಿ ಕಣ್ಣು ತುಂಬಿ ಬಂತು. ಕಬ್ಬಿಣದ ಸಲಾಕೆಯೊಂದು ತುದಿಯ ಅಡ್ಡತೊಲೆಯಿಂದ ಹೊರಟು, ಚಕ್ರಗಳ ಚೌಕಟ್ಟಿನ ಮೇಲೆ ಹಾದು, ಕೆಳಗಿಳಿದು, ನಡುವಿನ ಗಿಡ್ಡ ಊರುಗಾಲುಗಳಡಿ ಸಾಗಿ, ಮತ್ತೆ ಮೇಲೇರಿ ಆಚೆ ತುದಿಯ ತೊಲೆಗೆ ಕಚ್ಚಿಕೊಳ್ಳುತ್ತದೆ. ನಟ್ಟನಡುವೆ ಟರ್ನ್‌ಬಕಲ್, ಅಂದರೆ ಎರಡೂ ಕಡೆ ತಿರುಪಿರುವ ಬಿಗಿಯುವ ಕೊಂಡಿ. ಅದನ್ನು ತಿರುಗಿಸಿದರೆ ಸಲಾಕೆ ಬಿಗಿಯಾಗಿ, ಜಗ್ಗಿದ ನೆಲ ಮೇಲಕ್ಕೆ ಬರುತ್ತದೆ. ತೊಲೆ ಬದಲಿಸಬೇಕಿಲ್ಲ, ಇದ್ದದ್ದನ್ನೇ ನೆಟ್ಟಗೆ ಮಾಡಬಹುದು. ಅಪ್ಪ ಇದ್ದಿದ್ದರೆ ಆ ಟರ್ನ್‌ಬಕಲ್ಲನ್ನು ಅರ್ಧ ಗಂಟೆ ಬಿಟ್ಟು ಏಳುತ್ತಿರಲಿಲ್ಲ.

ಗೋಡೆಯ ಹಲಗೆಗಳೂ ಹಾಗೇ, ಒಂದರ ಅಂಚಿನ ನಾಲಗೆ ಪಕ್ಕದ್ದರ ಸಂದಿಗೆ ಕೂತಿದೆ. ಒಳಗೆ ಗೋಡೆಗುಂಟ ಬೆಂಚು, ಕೂರಲೂ ಅದೇ, ಮಲಗಲೂ ಅದೇ. ಒಲೆಯನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಛಾವಣಿಯ ಮೇಲೆ ಎದ್ದು ನಿಂತ ಕಿಟಕಿಗೂಡಿಗೆ ಕ್ಯುಪೋಲಾ ಎನ್ನುತ್ತಾರೆ. ಯಾವ ಡಬ್ಬಿಯ ಅಚ್ಚು ಬಿಸಿಯಾಗಿ ಹೊಗೆ ಬರುತ್ತಿದೆ ಎಂದು ಅಲ್ಲಿ ಕುಳಿತು ರೈಲಿನ ಉದ್ದಕ್ಕೂ ಕಾಯುತ್ತಿದ್ದರು.

ಮರದ ಮೈಗೂ ಒಂದು ಮಿತಿ ಇತ್ತು. ಚಾಮಾದಿಂದ 10,015 ಅಡಿ ಎತ್ತರದ ಕಂಬ್ರೆಸ್ ಕಣಿವೆದಾರಿಗೆ ನೂರು ಅಡಿಗೆ ನಾಲ್ಕಡಿ ಏರು. ಇಂಥ ಏರಿನಲ್ಲಿ ಹಿಂದಿನಿಂದ ಇಂಜಿನ್ ತಳ್ಳಿದರೆ ಮರದ ಕಬೂಸ್ ಮುಂದಿನ ಭಾರಕ್ಕೂ ಹಿಂದಿನ ಬಲಕ್ಕೂ ಸಿಕ್ಕಿ ನುಗ್ಗಾಗುವ ಭಯ. ಅದಕ್ಕೇ ತಳ್ಳುವ ಇಂಜಿನ್ನನ್ನು ಕಬೂಸಿಗಿಂತ ಮುಂದೆ ಜೋಡಿಸುವ ರೂಢಿ ಇತ್ತು.

ಈಗ ಮನೆಯಲ್ಲಿ 1:20.3 ಅಳತೆಯಲ್ಲಿ ಕಬೂಸಿನ ಪುಟ್ಟ ಮಾದರಿಯೊಂದನ್ನು ಕಟ್ಟುತ್ತಿದ್ದೇನೆ. ಆ ಅಳತೆಗೆ ಮೂರಡಿ ಗೇಜು 45 ಮಿಲಿಮೀಟರ್ ಆಗುತ್ತದೆ. ಸಲಾಕೆಗೆ ಸೈಕಲ್ ಸ್ಪೋಕ್ ಹಾಕಿದೆ. ತುಸು ದಪ್ಪವೇ, ಆದರೆ ತುದಿಯಲ್ಲಿ ತಿರುಪು ಇರುವುದರಿಂದ ನಿಜವಾಗಿಯೂ ಬಿಗಿಯಾಗುತ್ತದೆ. ನಿನ್ನೆ ರಾತ್ರಿ ಒಂದು ಸುತ್ತು ತಿರುಗಿಸಿದೆ. ನೆಲದ ಹಲಗೆ ಕೂದಲೆಳೆಯಷ್ಟು ಮೇಲೆದ್ದಿತು.